ಚಿಂತೆಗೆ ಸಂಜೆ ಐದೂವರೆ, ಸಮಸ್ಯೆಗೆ ಒಂದು ಪುಟ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಿಗೆ ಎಲೆಚುಕ್ಕಿ ರೋಗದ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಸೋಗೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕೆಗಳು ಕಾಣಿಸುತ್ತವೆ, ಆಮೇಲೆ ಅವು ಒಂದಕ್ಕೊಂದು ಸೇರಿಕೊಂಡು ಸೋಗೆಯೇ ಒಣಗಿ ಜೋತುಬೀಳುತ್ತದೆ. ನಮ್ಮ ತೋಟಕ್ಕೆ ಅದು ಕಾಲಿಟ್ಟ ವರ್ಷವೇ ಸೊಸೈಟಿಯ ಬೆಳೆಸಾಲದ ಗಡುವು ಹತ್ತಿರ ಬಂದಿತ್ತು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಬೆಂಗಳೂರಿನಲ್ಲಿರುವ ಮಗ ಊರಿಗೆ ಮರಳುವ ಮಾತನ್ನೇ ಎತ್ತುತ್ತಿರಲಿಲ್ಲ. ರಾತ್ರಿ ಎಚ್ಚರವಾದರೆ ನಾಲ್ಕೂ ಒಟ್ಟಿಗೆ ತಲೆಯಲ್ಲಿ ಸುತ್ತಲು ಶುರುವಾಗುತ್ತಿದ್ದವು. ಎದೆ ಹೊಡೆದುಕೊಳ್ಳುತ್ತಿತ್ತು. ಇಸಿಜಿ ಮಾಡಿಸಿದ್ದಾಯಿತು, ಹೃದಯಕ್ಕೆ ಏನೂ ಆಗಿಲ್ಲ ಎಂದ ವೈದ್ಯರು ಮಂಗಳವಾರ ಮತ್ತೊಮ್ಮೆ ಬರಲು ಹೇಳಿದರು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ ಎಂಬುದು ಆವರೆಗೆ ನನಗೆ ತಿಳಿದಿರಲಿಲ್ಲ.

ಅಲ್ಲಿ ನನ್ನ ಮಾತನ್ನೆಲ್ಲ ಕೇಳಿಸಿಕೊಂಡ ಆಪ್ತಸಮಾಲೋಚಕಿ ಒಂದೇ ಕೆಲಸ ಕೊಟ್ಟರು. ತಲೆಯಲ್ಲಿ ಓಡುವುದನ್ನೆಲ್ಲ ಬರೆಯಬೇಕು. ಯಾವುದಕ್ಕೆ ಈ ವಾರ ನನ್ನ ಕೈಯಿಂದ ಏನಾದರೂ ಮಾಡಲು ಸಾಧ್ಯವೋ ಅದು ಒಂದು ಕಡೆ, ಸಾಧ್ಯವಿಲ್ಲದ್ದು ಇನ್ನೊಂದು ಕಡೆ. ಮೊದಲನೆಯದು ಸಮಸ್ಯೆ, ಎರಡನೆಯದು ಚಿಂತೆ. ಎರಡಕ್ಕೂ ಮದ್ದು ಬೇರೆ. ಇಷ್ಟು ವರ್ಷ ನಾನು ಚಿಂತೆ ಮಾಡುವುದನ್ನೇ ಜವಾಬ್ದಾರಿ ಎಂದುಕೊಂಡು ಬೆಳೆದವಳು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹಾಗೆಯೇ ಕಲಿಸುತ್ತಾರೆ. ಯಾರು ಹೆಚ್ಚು ಕೊರಗುತ್ತಾರೋ ಅವರಿಗೇ ಮನೆಯ ಮೇಲೆ ಹೆಚ್ಚು ಕಾಳಜಿ ಎಂಬ ಲೆಕ್ಕ ಅದು. ಆ ಲೆಕ್ಕ ಬಿಡಲು ನನಗೆ ಒಂದು ಮಳೆಗಾಲವೇ ಬೇಕಾಯಿತು.

ಸಾಲದ ವಿಷಯದಲ್ಲಿ ಏನು ಮಾಡಿದೆ ಎಂಬುದನ್ನು ಪೂರ್ತಿ ಹೇಳುತ್ತೇನೆ, ಏಕೆಂದರೆ ವಿಧಾನ ನನಗೆ ಅರ್ಥವಾದದ್ದು ಅಲ್ಲಿಯೇ. ನೋಟ್‌ಬುಕ್ಕಿನಲ್ಲಿ ಮೊದಲು ಬರೆದದ್ದು, ‘ಸಾಲದಿಂದ ಮನೆ ಮುಳುಗುತ್ತದೆ’ ಎಂದು. ಇದನ್ನು ಓದಿದ ಹೊರಗಿನವರಿಗೆ ಏನು ಮಾಡಬೇಕೆಂದು ಗೊತ್ತಾಗುತ್ತದೆಯೇ ಎಂದು ಆಪ್ತಸಮಾಲೋಚಕಿ ಕೇಳಿದರು. ತಿದ್ದಿ ತಿದ್ದಿ ಕೊನೆಗೆ ಉಳಿದ ವಾಕ್ಯ ಇದು: ‘ಮಾರ್ಚ್ ಮುಗಿಯುವುದರೊಳಗೆ ಸೊಸೈಟಿಗೆ 2 ಲಕ್ಷ ರೂಪಾಯಿ ಕಟ್ಟಬೇಕು, 70 ಸಾವಿರ ಕಡಿಮೆ ಇದೆ.’ ಅದರಲ್ಲಿ ಮೊತ್ತ ಇತ್ತು, ತಾರೀಕು ಇತ್ತು. ಮನೆ ಮುಳುಗುವ ಮಾತು ಇರಲಿಲ್ಲ.

ಆಮೇಲೆ ಅದೇ ಪುಟದಲ್ಲಿ ದಾರಿಗಳ ಪಟ್ಟಿ. ಇಲ್ಲಿ ಒಂದು ನಿಯಮವಿದೆ: ಬರೆಯುವಾಗ ಯಾವ ದಾರಿಯನ್ನೂ ತಳ್ಳಿಹಾಕಬಾರದು, ತೂಗಿ ನೋಡುವುದೇನಿದ್ದರೂ ಪಟ್ಟಿ ಮುಗಿದ ಮೇಲೆ. ಸಮಸ್ಯೆ ಪರಿಹಾರದ ಈ ಹಂತಗಳನ್ನು 1971ರಲ್ಲಿ ಡಿಜುರಿಲ್ಲಾ ಮತ್ತು ಗೋಲ್ಡ್‌ಫ್ರೀಡ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಕ್ರಮವಾಗಿ ಜೋಡಿಸಿಕೊಟ್ಟರು ಎಂದು ನಂತರ ಓದಿ ತಿಳಿದುಕೊಂಡೆ. ಬಳೆ ಅಡವಿಡುವುದು, ತವರಿನಲ್ಲಿ ಕೇಳುವುದು, ಹಸು ಮಾರುವುದು, ಒಣಗಿದ ಕಾಳುಮೆಣಸು ಕೊಡುವುದು, ಗಡುವು ಮೀರಿದರೂ ಸುಮ್ಮನಿರುವುದು, ಅಟ್ಟದ ಮೇಲೆ ದರ ಏರಲೆಂದು ಕಾದಿಟ್ಟಿದ್ದ ರಾಶಿ ಇಡಿ ಎಂಬ ಬಗೆಯ ಅಡಿಕೆ ಮಾರುವುದು ಎಲ್ಲವನ್ನೂ ಬರೆದೆ. ಒಂದೊಂದರ ಮುಂದೆಯೂ ಅದರಿಂದ ಏನು ಸಿಗುತ್ತದೆ, ಏನು ಹೋಗುತ್ತದೆ ಎಂದು ಗುರುತು ಹಾಕಿದೆ. ಅಡಿಕೆಗೆ ಇನ್ನೂ ದರ ಬರುತ್ತದೆ ಎಂದು ಯಜಮಾನರು ಒಪ್ಪಲಿಲ್ಲ. ಆದರೆ ಸಹಕಾರ ಸಂಘದ ಬೆಳೆಸಾಲಕ್ಕೆ ಬಡ್ಡಿ ಇಲ್ಲದಿರುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ತಪ್ಪಿದರೆ ಬಡ್ಡಿ ಬೀಳುತ್ತದೆ. ಬಡ್ಡಿಯ ಮೊತ್ತವನ್ನೂ, ಬರಬಹುದಾದ ದರದ ಹೆಚ್ಚಳವನ್ನೂ ಅಕ್ಕಪಕ್ಕ ಬರೆದು ತೋರಿಸಿದ ಮೇಲೆ ವಾದ ನಿಂತಿತು. ಎರಡು ಮೂಟೆ ಶಿವಮೊಗ್ಗಕ್ಕೆ ಹೋಯಿತು. ಉಳಿದದ್ದಕ್ಕೆ ಕಾಳುಮೆಣಸು ಸಾಕಾಯಿತು.

ಎಲ್ಲ ಸಮಸ್ಯೆಯೂ ಹೀಗೆ ಬಗೆಹರಿಯುವುದಿಲ್ಲ. ಅತ್ತೆಯವರ ಮೂಳೆ ಕೂಡಲು ಅದರದ್ದೇ ಕಾಲ ಬೇಕು. ಅವರು ಮತ್ತೆ ನಡೆಯುತ್ತಾರೋ ಇಲ್ಲವೋ ಎಂಬುದಕ್ಕೆ ನೋಟ್‌ಬುಕ್ಕಿನಲ್ಲಿ ಉತ್ತರವಿಲ್ಲ. ಅಂಥವನ್ನು ಸಂಜೆ ಐದೂವರೆಗೆ ಎಂದು ತೆಗೆದಿಟ್ಟೆ. ಹಿತ್ತಿಲಿನ ಕಟ್ಟೆಯ ಮೇಲೆ ಕೂತು ಅರ್ಧ ಗಂಟೆ ಚಿಂತೆ ಮಾಡುವುದು. ಬೇರೆ ಹೊತ್ತಿನಲ್ಲಿ ಅದು ಬಂದರೆ ಒಂದು ಚೀಟಿಯಲ್ಲಿ ಎರಡು ಪದ ಗೀಚಿ ಸಂಜೆಗೆ ಮುಂದೂಡುವುದು. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ವಿಧಾನ ಇದು. ಹಾಸಿಗೆಯಲ್ಲಿ, ಒಲೆಯ ಮುಂದೆ, ಬಸ್ಸಿನಲ್ಲಿ ಎಲ್ಲೆಂದರಲ್ಲಿ ಚಿಂತೆ ಮಾಡುತ್ತಿದ್ದರೆ ಆ ಜಾಗಗಳಿಗೆಲ್ಲ ಅದು ಅಂಟಿಕೊಳ್ಳುತ್ತದೆ, ಆಮೇಲೆ ಹಾಸಿಗೆ ಕಂಡರೆ ಸಾಕು ಚಿಂತೆ ತಾನಾಗಿ ಏಳುತ್ತದೆ. ಆದ್ದರಿಂದ ಅದನ್ನು ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಕಟ್ಟಿಹಾಕಬೇಕು ಎಂಬುದು ಅವರ ತರ್ಕ. ಚಿಂತಿಸಬೇಡ ಎಂದು ನನಗೆ ಹೇಳದವರೇ ಇರಲಿಲ್ಲ. ಆದರೆ ಚಿಂತಿಸು, ಅದಕ್ಕೊಂದು ಹೊತ್ತು ಇಟ್ಟುಕೋ ಎಂದು ಹೇಳಿದವರು ಆಪ್ತಸಮಾಲೋಚಕಿ ಒಬ್ಬರೇ. ಅದು ನನ್ನಿಂದ ಆಗುವ ಕೆಲಸವಾಗಿತ್ತು. ಮೊದಮೊದಲು ಚೀಟಿಗಳು ಸೆರಗಿನ ತುದಿಯಲ್ಲಿ ಗಂಟಾಗುತ್ತಿದ್ದವು. ಸಂಜೆ ಬಿಡಿಸಿ ನೋಡಿದರೆ ಅರ್ಧಕ್ಕರ್ಧ ಆಗಲೇ ಹಳತಾಗಿರುತ್ತಿದ್ದವು.

ತೋಟದ ವಿಷಯದಲ್ಲಿ ಇನ್ನೊಂದು ಪಾಠವಾಯಿತು. ‘ತೋಟ ಹೋಯಿತು’ ಎಂಬುದು ಆಗ ನನ್ನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿದ್ದ ಮಾತು. ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಗುರುತಿಸಿದ್ದು ಇದನ್ನೇ: ಮನಸ್ಸಿಗೆ ತಟ್ಟನೆ ಬರುವ ಇಂಥ ಮಾತುಗಳನ್ನು ನಾವು ಪರೀಕ್ಷಿಸದೆ ನಿಜವೆಂದು ಒಪ್ಪಿಕೊಂಡುಬಿಡುತ್ತೇವೆ. ಹಾಗಾದರೆ ಪರೀಕ್ಷಿಸಿಯೇ ನೋಡೋಣ ಎಂದು ಸುಣ್ಣದ ಡಬ್ಬಿ ಹಿಡಿದು ತೋಟಕ್ಕೆ ಇಳಿದೆ. ಚುಕ್ಕೆ ಕಂಡ ಮರಕ್ಕೆಲ್ಲ ಒಂದೊಂದು ಗೆರೆ ಎಳೆಯುತ್ತ ಹೋದೆ. ಹೊಳೆಬದಿಯ ಸಾಲುಗಳಲ್ಲಿ ಒತ್ತಾಗಿ ಗೆರೆಗಳಿದ್ದವು, ಮೇಲಿನ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು. ಒಟ್ಟು ಮೂರರಲ್ಲಿ ಒಂದು ಪಾಲು. ಅದು ಸಣ್ಣ ನಷ್ಟವೇನಲ್ಲ, ಆದರೆ ತೋಟ ಹೋಗಿರಲಿಲ್ಲ. ರೋಗದ ಸೋಗೆಗಳನ್ನು ಕತ್ತರಿಸಿ ಸುಡುವುದನ್ನು ಎಲ್ಲಿಂದ ಶುರುಮಾಡಬೇಕು ಎಂಬುದೂ ಆ ಸುಣ್ಣದ ಗೆರೆಗಳಿಂದಲೇ ತಿಳಿಯಿತು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಎಲ್ಲವೂ ನಿಮ್ಮ ಯೋಚನೆಯಲ್ಲೇ ಇದೆ, ಅದನ್ನು ಬದಲಾಯಿಸಿದರೆ ಸಾಕು ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಎಲೆಚುಕ್ಕಿಯ ಶಿಲೀಂಧ್ರ ಗಾಳಿಯಲ್ಲಿ ಹರಡುತ್ತದೆ. ನಾನೊಬ್ಬಳು ಔಷಧಿ ಹೊಡೆಸಿ ಪಕ್ಕದ ತೋಟದವರು ಬಿಟ್ಟರೆ ಪ್ರಯೋಜನ ಕಡಿಮೆ. ಅದಕ್ಕೆ ಊರು ಒಟ್ಟಾಗಬೇಕು, ಇಲಾಖೆ ನೆರವಾಗಬೇಕು, ಸಂಶೋಧನೆ ನಡೆಯಬೇಕು. ನೋಟ್‌ಬುಕ್ಕು ನನ್ನ ಪಾಲು ಎಷ್ಟೆಂದು ತೋರಿಸಿತು. ಆ ಪುಟದಲ್ಲಿ ನಾನು ಬರೆದ ಮುಂದಿನ ಹೆಜ್ಜೆ, ಅಕ್ಕಪಕ್ಕದ ಮನೆಯವರನ್ನು ಕರೆದು ಒಂದೇ ವಾರದಲ್ಲಿ ಎಲ್ಲರೂ ಸಿಂಪಡಣೆ ಮಾಡಿಸುವ ಬಗ್ಗೆ ಮಾತಾಡುವುದು. ಇಬ್ಬರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ.

ಹಾಗೆಯೇ, ನೋಟ್‌ಬುಕ್ಕು ಎಲ್ಲರಿಗೂ ಸಾಲುವುದಿಲ್ಲ. ವಾರಗಟ್ಟಲೆ ನಿದ್ದೆ ಊಟ ಸೇರದಿದ್ದರೆ, ಬದುಕಿದ್ದು ಏನು ಉಪಯೋಗ ಎನ್ನಿಸತೊಡಗಿದರೆ ಬರೆಯುತ್ತ ಕೂರಬೇಡಿ, ವೈದ್ಯರ ಹತ್ತಿರ ಹೋಗಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ನಾನು ಕೂಡ ಕೆಲವು ತಿಂಗಳು ಮಾತ್ರೆ ತೆಗೆದುಕೊಂಡೆ. ಬಿಪಿಗೆ ತೆಗೆದುಕೊಂಡಷ್ಟೇ ಸಹಜವಾಗಿ ತೆಗೆದುಕೊಂಡೆ.

ಮಗನ ವಿಷಯವನ್ನು ಪುಟಕ್ಕೆ ಇಳಿಸಲು ಎಲ್ಲಕ್ಕಿಂತ ಕಷ್ಟವಾಯಿತು. ‘ಅವನಿಗೆ ಮನೆ ಬೇಡವಾಗಿದೆ’ ಎಂದು ಬರೆದು ಹೊಡೆದುಹಾಕಿದೆ. ನೋಡುತ್ತ ಕೂತರೆ, ಅವನ ಮನಸ್ಸಿನಲ್ಲಿ ಏನಿದೆ ಎಂದು ನಾವು ಯಾರೂ ಕೇಳಿಯೇ ಇರಲಿಲ್ಲ. ಮುಂದಿನ ಹೆಜ್ಜೆ ಫೋನ್ ಮಾಡಿ ಕೇಳುವುದು. ದೀಪಾವಳಿಗೆ ಬಂದಾಗ ಎದುರಿಗೇ ಕೂರಿಸಿಕೊಂಡು ಕೇಳಿದೆವು. ಸದ್ಯಕ್ಕೆ ಬರುವುದಿಲ್ಲ, ಇನ್ನೂ ಹಲವು ವರ್ಷ ಬೆಂಗಳೂರೇ ಎಂದ. ಕೇಳಿ ಎರಡು ದಿನ ನನಗೆ ಅಳು ತಡೆಯಲಿಲ್ಲ. ಐದೂವರೆಯ ಕಟ್ಟೆಯೂ ಸಾಕಾಗಲಿಲ್ಲ. ಆದರೆ ಉತ್ತರ ಸಿಕ್ಕ ಮೇಲೆ ಆ ಪುಟದ ತಲೆಬರಹ ತಾನಾಗಿ ಬದಲಾಯಿತು. ಮಗ ಬರುತ್ತಾನೋ ಇಲ್ಲವೋ ಎಂಬುದು ಹೋಗಿ, ನಮ್ಮಿಬ್ಬರಿಗೂ ವಯಸ್ಸಾಗುತ್ತಿರುವಾಗ ಅಡಿಕೆ ಕೊನೆ (ಗೊನೆ) ಇಳಿಸುವವರು ಯಾರು ಎಂಬುದು ಬಂದಿದೆ. ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರರು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಆದ್ದರಿಂದ ನೆಲದ ಮೇಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿಯ ಬೆಲೆ, ಅದಕ್ಕಿರುವ ಸಹಾಯಧನ, ಅದನ್ನು ಹಿಡಿದು ಪಳಗಿದ ಹುಡುಗರ ಹೆಸರುಗಳು ಈಗ ಆ ಪುಟದಲ್ಲಿವೆ. ಬೆಂಗಳೂರಿನಿಂದಲೇ ದರ ವಿಚಾರಿಸಿ ಕಳುಹಿಸಿದವನು ಮಗ.