ಪೇಂಟ್ ಮೇಲೆ ಪೆಟ್ರೋಲ್ ಚೆಲ್ಲಿದರೆ ಮೊದಲು ನೀರು, ಆಮೇಲೆ ಬಟ್ಟೆ

ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆ ಓಡಾಡುವ ಕಾರಿನ ಮೈಮೇಲೆ ಅದಿರಿನ ಕೆಂಪು ಧೂಳು ಇದ್ದೇ ಇರುತ್ತದೆ. ಬಂಕಿನಲ್ಲಿ ಪೆಟ್ರೋಲ್ ತುಳುಕಿದ ಕೂಡಲೇ ಯಾರೋ ಒಣಬಟ್ಟೆ ತಂದು ಗಸಗಸ ಒರೆಸಿಬಿಡುತ್ತಾರೆ. ಪೆಟ್ರೋಲಿಗಿಂತ ಹೆಚ್ಚು ಹಾನಿ ಆ ಒರೆಸಾಟದಿಂದಲೇ. ಪೇಂಟಿನ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸುಮಾರು 40–50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು. ಅದಿರಿನ ಕಣ ಅದಕ್ಕಿಂತ ಎಷ್ಟೋ ಗಟ್ಟಿ.

ಎಂಜಿನ್ ಆಫ್ ಇರಲಿ. ನೆಲದ ಮೇಲೂ ಪೆಟ್ರೋಲ್ ನಿಂತಿದ್ದರೆ ಸಿಬ್ಬಂದಿ ಮರಳು ಹಾಕುವವರೆಗೆ ಸ್ಟಾರ್ಟ್ ಮಾಡಬೇಡಿ. ಬಳಿಕ ನಾಲ್ಕೈದು ಲೀಟರ್ ನೀರನ್ನು ಪೆಟ್ರೋಲ್ ಹಾಕುವ ಜಾಗದ ಹೊರಮುಚ್ಚಳದ ಕೆಳಗಿನಿಂದ, ಪೆಟ್ರೋಲ್ ಹರಿದ ದಾರಿಯುದ್ದಕ್ಕೂ ಸುರಿಯಿರಿ. ಟ್ಯಾಂಕಿನ ಕ್ಯಾಪ್ ಬಿಗಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ನೀರಿನಲ್ಲಿ ಪೆಟ್ರೋಲ್ ಕರಗುವುದಿಲ್ಲ, ಆದರೆ ಕೊಚ್ಚಿಕೊಂಡು ಹೋಗುತ್ತದೆ. ಧೂಳೂ ಜೊತೆಗೇ ಇಳಿಯುತ್ತದೆ. ಒದ್ದೆ ಮೈಕ್ರೋಫೈಬರ್ ಬಟ್ಟೆಯನ್ನು ಒತ್ತಿ ಎತ್ತಿ, ಉಜ್ಜಬೇಡಿ.

ರಾಯಚೂರಿನ ಬೇಸಿಗೆಯಲ್ಲಿ ತಗಡು ಕೈ ಇಡಲಾಗದಷ್ಟು ಕಾದಿರುತ್ತದೆ. ಪೆಟ್ರೋಲ್ ನೋಡನೋಡುತ್ತ ಆರಿಹೋಗಿ, ಅದರಲ್ಲಿದ್ದ ಬಣ್ಣ ಮತ್ತು ಸೇರ್ಪಡೆ ರಾಸಾಯನಿಕಗಳು ಹಳದಿ ಗೆರೆಯಾಗಿ ಉಳಿಯುತ್ತವೆ. ಮನೆಗೆ ಬಂದು ನೆರಳಲ್ಲಿ ನಿಲ್ಲಿಸಿ, ತಗಡು ತಣ್ಣಗಾದ ಮೇಲೆ 10 ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಕಾರ್ ಶಾಂಪೂ ಬೆರೆಸಿ ತೊಳೆಯಿರಿ (ಡಬ್ಬಿಯ ಮೇಲೆ ಬೇರೆ ಅಳತೆ ಇದ್ದರೆ ಅದೇ ಸರಿ). ಬಟ್ಟೆ ಒಗೆಯುವ ಪುಡಿ ಬೇಡ. ಬೋರ್‌ವೆಲ್ಲಿನ ಗಡಸು ನೀರನ್ನು ಹಾಗೇ ಆರಲು ಬಿಟ್ಟರೆ ಬಿಳಿ ಚುಕ್ಕೆ ಕೂರುತ್ತವೆ, ತಕ್ಷಣ ಒಣಗಿಸಿ.

ಇಷ್ಟಾದರೂ ಗೆರೆ ಕಂಡರೆ ಸಣ್ಣ ಕಣದ ಪಾಲಿಶ್ ಅನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಹಗುರಾಗಿ ತಿಕ್ಕಿ. ಥಿನ್ನರ್ ಹತ್ತಿರಕ್ಕೂ ತರಬೇಡಿ. ಕೊನೆಗೆ ಆ ಜಾಗಕ್ಕೆ ವ್ಯಾಕ್ಸ್ ಹಚ್ಚಲೇಬೇಕು, ಏಕೆಂದರೆ ಹಳೆಯದನ್ನು ಪೆಟ್ರೋಲ್ ಕರಗಿಸಿರುತ್ತದೆ. ಡೀಸೆಲ್ ಆದರೆ ಆರುವುದಿಲ್ಲ, ಜಿಡ್ಡಾಗಿ ಕೂರುತ್ತದೆ. ಶಾಂಪೂ ಎರಡು ಸಲ ಬೇಕಾಗಬಹುದು.

ಗ್ಯಾರೇಜಿನಲ್ಲಿ ಈಚೆಗಷ್ಟೇ ಪೇಂಟ್ ಮಾಡಿಸಿದ ಭಾಗವಾದರೆ ಲೆಕ್ಕವೇ ಬೇರೆ. ಪೂರ್ತಿ ಗಟ್ಟಿಯಾಗದ ಪೇಂಟ್ ಪೆಟ್ರೋಲ್ ಹೀರಿ ಉಬ್ಬುತ್ತದೆ. ನೀರು ಸುರಿದು ಸುಮ್ಮನೆ ಬಿಡಿ, ಪಾಲಿಶ್ ಬೇಡ. ಮೂರ್ನಾಲ್ಕು ದಿನ ಕಳೆದರೂ ಸುಕ್ಕು ಇಳಿಯದಿದ್ದರೆ ಪೇಂಟರಿಗೆ ತೋರಿಸಿ.

ಇನ್ನು, ಚೆಲ್ಲುವುದೇ ಹೆಚ್ಚಾಗಿ ‘ರೌಂಡ್ ಫಿಗರ್ ಮಾಡಿಬಿಡಿ’ ಎಂದಾಗ. ನಾಜಲ್ ತಾನಾಗಿ ಕಟ್ ಆದ ಮೇಲೆ ಹಾಕಿಸಿದ್ದು ಟ್ಯಾಂಕಿನ ಕುತ್ತಿಗೆಯಲ್ಲೇ ನಿಂತು ಹೊರಬರುತ್ತದೆ. ಮುಚ್ಚಳದ ಗೂಡಿನ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಚೆಲ್ಲಿದ್ದು ಕೆಳಗೆ ಇಳಿಯಲೆಂದೇ. ನಮ್ಮ ಕಡೆ ಅದು ಧೂಳಿನಿಂದ ಕಟ್ಟಿಕೊಂಡು, ಪೆಟ್ರೋಲ್ ನೇರ ಪೇಂಟಿನ ಮೇಲೆ ಹರಿಯುತ್ತದೆ. ಕಾರು ತೊಳೆಯುವಾಗ ಅದರೊಳಗೆ ಪ್ಲಾಸ್ಟಿಕ್ ಕಡ್ಡಿ ಆಡಿಸಿ, ನೀರು ಕೆಳಗೆ ಹನಿಯುತ್ತದೆಯೇ ನೋಡಿ.