ಹುಡುಕಾಟದ ಫಲಿತಾಂಶಗಳನ್ನು ಹೋಲಿಸಲು ಅನುವು ಮಾಡಿಕೊಡುವುದು ಹೇಗೆ?

ಹುಡುಕಾಟದ ಪುಟದಲ್ಲಿ ಹತ್ತು ಲ್ಯಾಪ್‌ಟಾಪ್‌ಗಳು ಕಾಣಿಸಿಕೊಂಡಾಗ ಬಳಕೆದಾರರು ಒಂದೊಂದನ್ನೂ ಬೇರೆ ಟ್ಯಾಬ್‌ನಲ್ಲಿ ತೆರೆದು, ತೂಕ, ಮೆಮೊರಿ, ಬೆಲೆಗಳನ್ನು ನೆನಪಿಟ್ಟುಕೊಳ್ಳಲು ಹೆಣಗುತ್ತಾರೆ. ಅವೇ ವಿವರಗಳು ದತ್ತಾಂಶದಲ್ಲಿ ಬಿಡಿಬಿಡಿಯಾಗಿ, ಹೆಸರಿನೊಂದಿಗೆ ದಾಖಲಾಗಿದ್ದರೆ ಈ ಹೊರೆಯನ್ನು ಪುಟವೇ ಹೊರಬಹುದು. 2011ರಲ್ಲಿ ಗೂಗಲ್, ಬಿಂಗ್ ಮತ್ತು ಯಾಹೂ ಕೂಡಿ ಆರಂಭಿಸಿದ ಸ್ಕೀಮಾ.ಆರ್ಗ್ ಎಂಬ ಸಾಮಾನ್ಯ ಪದಕೋಶವು ಅಂಥ ಹೆಸರುಗಳನ್ನು ಒದಗಿಸುತ್ತದೆ. ಅವುಗಳನ್ನು ಪುಟದಲ್ಲಿ ಅಳವಡಿಸಲು ಜೇಸನ್-ಎಲ್‌ಡಿ (ವಿವರಗಳನ್ನು ಯಂತ್ರಗಳು ಓದಬಲ್ಲಂತೆ ಬರೆಯುವ ರೂಪ) ವಿಧಾನವು ವ್ಯಾಪಕ ಬಳಕೆಯಲ್ಲಿದೆ.

ಮೊದಲು ಮಾನಗಳನ್ನು ಒಂದುಗೂಡಿಸಬೇಕು. ಒಬ್ಬ ಮಾರಾಟಗಾರ ತೂಕವನ್ನು 1400 ಗ್ರಾಂ ಎಂದೂ ಇನ್ನೊಬ್ಬ 1.4 ಕಿಲೋ ಎಂದೂ ಬರೆದಿದ್ದರೆ, ಕೇವಲ ಅಂಕಿಗಳನ್ನು ನೋಡಿ ವಿಂಗಡಿಸುವ ಯಂತ್ರಕ್ಕೆ ಮೊದಲನೆಯದು ಸಾವಿರ ಪಟ್ಟು ಭಾರವಾಗಿ ಕಾಣುತ್ತದೆ. ದಿನಾಂಕಕ್ಕೂ ಇದೇ ತೊಡಕಿದೆ: 03-04 ಎಂದರೆ ಏಪ್ರಿಲ್ 3 ಆಗಬಹುದು, ಮಾರ್ಚ್ 4 ಕೂಡ ಆಗಬಹುದು. ಆದುದರಿಂದ ವರ್ಷ, ತಿಂಗಳು, ದಿನ ಎಂಬ ಐಎಸ್‌ಒ 8601 ಅಂತರರಾಷ್ಟ್ರೀಯ ಮಾನದಂಡದ ಕ್ರಮದಲ್ಲಿ ಸಂಗ್ರಹಿಸಿ, ತೋರಿಸುವಾಗ ಓದುಗರ ರೂಢಿಗೆ ತಕ್ಕಂತೆ ಬದಲಾಯಿಸಬೇಕು. ಒಂದೇ ಸರಕು ಹಲವು ಮಾರಾಟಗಾರರಿಂದ ಬಂದಿದ್ದರೆ, ಹೆಸರಿನ ಹೋಲಿಕೆಗಿಂತ ಜಿಟಿಐಎನ್ ಸಂಖ್ಯೆಯನ್ನು (ಸರಕನ್ನು ಜಾಗತಿಕವಾಗಿ ಗುರುತಿಸುವ, ಬಾರ್‌ಕೋಡ್‌ನಲ್ಲಿರುವ ಸಂಖ್ಯೆ) ನಂಬಿ ಒಂದೇ ಸಾಲಿಗೆ ತರುವುದು ಲೇಸು.

ಹೆಚ್ಚಿನ ಎಚ್ಚರ ಬೇಕಾಗುವುದು ರೇಟಿಂಗ್ ವಿಷಯದಲ್ಲಿ. ಗರಿಷ್ಠ ಅಂಕವನ್ನು ನಮೂದಿಸದಿದ್ದರೆ ಅದು 5 ಎಂದು ಸ್ಕೀಮಾ.ಆರ್ಗ್ ಭಾವಿಸುತ್ತದೆ, ಹತ್ತಕ್ಕೆ ಅಂಕ ಕೊಡುವ ಪುಟವು ಇದನ್ನು ಮರೆತರೆ ಹೋಲಿಕೆಯೇ ಕೆಡುತ್ತದೆ. ಇಬ್ಬರು ಕೊಟ್ಟ 5 ಅಂಕವನ್ನು ಒಂಬೈನೂರು ಮಂದಿ ಕೊಟ್ಟ 4.6ರ ಮೇಲೆ ಕೂರಿಸುವುದು ನನ್ನ ಮಟ್ಟಿಗೆ ಬಳಕೆದಾರರನ್ನು ದಾರಿ ತಪ್ಪಿಸಿದಂತೆಯೇ ಸರಿ. ವಿಮರ್ಶೆಗಳ ಸಂಖ್ಯೆಯನ್ನು ಅಂಕದ ಪಕ್ಕದಲ್ಲೇ ಇಡಬೇಕು, ವಿಂಗಡಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಾಹಿತಿ ಇಲ್ಲದ ಕಡೆ ಸೊನ್ನೆ ಹಾಕಬಾರದು. ಬೆಲೆ ತಿಳಿಯದ ವಸ್ತು ಸೊನ್ನೆಯ ಕಾರಣದಿಂದ ‘ಅತಿ ಅಗ್ಗ’ವೆಂದು ಪಟ್ಟಿಯ ತಲೆಗೇರುವ ಪ್ರಮಾದ ಅಪರೂಪವೇನಲ್ಲ. ‘ಮಾಹಿತಿ ಲಭ್ಯವಿಲ್ಲ’ ಎಂದು ಬರೆದು, ವಿಂಗಡಿಸಿದಾಗ ಅಂಥವುಗಳನ್ನು ಕೊನೆಯಲ್ಲಿಡಬೇಕು.

ಇಷ್ಟಾದ ಮೇಲೆ ಕೋಷ್ಟಕ ಸುಲಭ. ಆಯ್ದ ವಸ್ತುಗಳು ಕಾಲಂಗಳಾಗಲಿ, ಗುಣಗಳು ಸಾಲುಗಳಾಗಲಿ. ಎಲ್ಲ ವಸ್ತುಗಳಲ್ಲೂ ಒಂದೇ ಆಗಿರುವ ಸಾಲುಗಳನ್ನು ಮರೆಮಾಡಿ, ವ್ಯತ್ಯಾಸಗಳನ್ನಷ್ಟೇ ತೋರಿಸುವ ಗುಂಡಿಯೊಂದಿರಲಿ. ಮೊಬೈಲ್ ಪರದೆಯಲ್ಲಿ ಒಮ್ಮೆಗೆ ಎರಡು ಕಾಲಂಗಳು ಸಾಕು; ಬದಿಗೆ ಸರಿಸಿದಾಗಲೂ ಗುಣದ ಹೆಸರು ಕಣ್ಣೆದುರೇ ಉಳಿಯುವಂತೆ ಮೊದಲ ಕಾಲಂ ಅನ್ನು ಸ್ಥಿರವಾಗಿರಿಸಬೇಕು.