ವರನೂ ಹ್ಯಾಂಡ್‌ಸಮ್, ಸಂಬಳವೂ ಹ್ಯಾಂಡ್‌ಸಮ್

ಮಂಗಳೂರಿನ ಹಂಪನಕಟ್ಟೆಯ ಸಮೀಪ ನಾನು ನಡೆಸುತ್ತಿರುವ ಟೈಪಿಂಗ್ ಮತ್ತು ಭಾಷಾಂತರದ ಅಂಗಡಿಗೆ ಬರುವ ಕೆಲಸಗಳಲ್ಲಿ ದೊಡ್ಡ ಪಾಲು ಮದುವೆಯ ಬಯೋಡೇಟಾಗಳದ್ದು. ದುಬೈಯಲ್ಲೋ ಮುಂಬಯಿಯಲ್ಲೋ ಇರುವ ಮಗ ಇಂಗ್ಲಿಷಿನಲ್ಲಿ ಬರೆದು ಕಳುಹಿಸಿದ್ದನ್ನು ಊರಿನ ಹಿರಿಯರಿಗಾಗಿ ಕನ್ನಡಕ್ಕೆ ತರುವುದೂ, ಇಲ್ಲಿ ಕನ್ನಡದಲ್ಲಿ ಬರೆಸಿದ್ದನ್ನು ಹೊರಗಿರುವ ಸಂಬಂಧಿಕರಿಗಾಗಿ ಇಂಗ್ಲಿಷಿಗೆ ತಿರುಗಿಸುವುದೂ ಇದರಲ್ಲಿ ಸೇರಿದೆ. ಇಂತಹ ಹಾಳೆಗಳಲ್ಲಿ ‘ಹ್ಯಾಂಡ್‌ಸಮ್’ ಎಂಬ ಪದ ಅನೇಕ ಬಾರಿ ಎರಡು ಕಡೆ ಕಾಣಿಸಿಕೊಳ್ಳುತ್ತದೆ: ವರ ಹ್ಯಾಂಡ್‌ಸಮ್, ಅವನ ಸಂಬಳವೂ ಹ್ಯಾಂಡ್‌ಸಮ್. ‘ಸುಂದರ’ ಎಂಬ ಒಂದೇ ಅರ್ಥವನ್ನು ಹಿಡಿದು ಕುಳಿತರೆ ‘ಸುಂದರ ಸಂಬಳ’ ಎಂದು ಬರೆಯಬೇಕಾದೀತು. ಆದ್ದರಿಂದ ಪಕ್ಕದಲ್ಲಿ ಯಾವ ಪದ ಕುಳಿತಿದೆ ಎಂಬುದನ್ನು ನೋಡಿಯೇ ಇದರ ಅರ್ಥವನ್ನು ನಿರ್ಧರಿಸುವ ರೂಢಿಯನ್ನು ನಾನು ಬೆಳೆಸಿಕೊಂಡೆ.

ಈ ಪದದ ಹುಟ್ಟನ್ನು ತಿಳಿದ ಮೇಲೆ ಕೆಲಸ ಹಗುರವಾಯಿತು. ಕೈ ಎಂಬ ಅರ್ಥದ ‘ಹ್ಯಾಂಡ್’ಗೆ ‘ಸಮ್’ ಎಂಬ ಪ್ರತ್ಯಯ ಸೇರಿ ಆದ ಈ ಪದಕ್ಕೆ ಮೊದಲಿದ್ದ ಅರ್ಥ, ಕೈಯಲ್ಲಿ ಹಿಡಿದು ಬಳಸಲು ಸುಲಭವಾದದ್ದು ಎಂದು. ಆಮೇಲೆ ಅದು ಹದವಾದದ್ದು, ತಕ್ಕದ್ದು ಎಂಬ ಅರ್ಥಕ್ಕೆ ಹೊರಳಿ, 16ನೇ ಶತಮಾನದ ಕೊನೆಯ ವೇಳೆಗೆ ನೋಡಲು ಲಕ್ಷಣವಾದದ್ದು ಮತ್ತು ಸಾಕಷ್ಟು ದೊಡ್ಡದು ಎಂಬ ಎರಡು ಅರ್ಥಗಳನ್ನೂ ಪಡೆದಿತ್ತು. ‘ತಕ್ಕದ್ದು’ ಹೇಗೆ ‘ಚೆಂದದ್ದು’ ಆಯಿತು ಎಂದು ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರಬ್ಬಿ ಮೂಲದ ‘ಲಾಯಕ್ಕು’ ಘಟ್ಟದ ಮೇಲೆ ಯೋಗ್ಯ, ತಕ್ಕ ಎಂಬ ಅರ್ಥದಲ್ಲೇ ಉಳಿದಿದ್ದರೆ, ನಮ್ಮಲ್ಲಿ ಅದು ‘ಲಾಯ್ಕ’ ಆಗಿ, ಸೀರೆಯೂ ಲಾಯ್ಕ, ಊಟವೂ ಲಾಯ್ಕ, ನೋಡಿ ಬಂದ ಹುಡುಗನೂ ಲಾಯ್ಕ.

ಮಾತಿನಲ್ಲಿ ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ. ಆದರೆ ಹಿರಿಯರ ಕೈಗೆ ಕೊಡುವ ಹಾಳೆಯಲ್ಲಿ ‘ಲಾಯ್ಕದ ಹುಡುಗ’ ಎಂದು ಅಚ್ಚು ಹಾಕುವಂತಿಲ್ಲ. ‘ಸ್ಫುರದ್ರೂಪಿ’ ಎಂಬುದು ಪತ್ರಿಕೆಗಳಲ್ಲಿ ಸಿನಿಮಾ ನಟರಿಗೆ ಮೀಸಲಾದಂತಿದೆ. ಸಹಕಾರಿ ಸಂಘದ ಗುಮಾಸ್ತನಿಗೆ ಅದನ್ನು ತೊಡಿಸಿದರೆ ಓದುವವರು ನಗುತ್ತಾರೆ. ಹ್ಯಾಂಡ್‌ಸಮ್ ಎನ್ನುವಾಗ ಮೈಕಟ್ಟು, ಮುಖದ ಅಚ್ಚುಕಟ್ಟು, ನಿಂತ ನಿಲುವು ಇವೆಲ್ಲ ಸೇರಿರುತ್ತವೆ. ‘ಕ್ಯೂಟ್’ನಲ್ಲಿರುವ ಮುದ್ದಾಗಲಿ, ‘ಪ್ರಿಟಿ’ಯಲ್ಲಿರುವ ನಾಜೂಕಾಗಲಿ ಅದರಲ್ಲಿಲ್ಲ. ಹೀಗಾಗಿ ನಾನು ಹೆಚ್ಚಾಗಿ ‘ಲಕ್ಷಣವಾದ ಹುಡುಗ’ ಎಂದು ಬರೆಯುತ್ತೇನೆ. ಸಂಬಳದ ಸಾಲಿಗೆ ‘ಕೈತುಂಬ ಸಂಬಳ’ ಎಂಬ ನುಡಿ ಸಿದ್ಧವಾಗಿಯೇ ಇದೆ. ಎರಡೂ ಭಾಷೆಗಳಲ್ಲಿ ಕೈ ಬಂದಿರುವುದು ಬರಿಯ ಕಾಕತಾಳೀಯ, ಆದರೂ ಅನುವಾದಕನಿಗೆ ಇಂತಹ ಅದೃಷ್ಟ ದಿನವೂ ಒದಗುವುದಿಲ್ಲ.

ಒಮ್ಮೆ ಒಬ್ಬ ಹುಡುಗನ ಹಾಳೆಯಲ್ಲಿ ‘ಟಾಲ್, ಡಾರ್ಕ್ ಅಂಡ್ ಹ್ಯಾಂಡ್‌ಸಮ್’ ಎಂದಿತ್ತು. ಎದುರಿನ ಸ್ಟೂಲಿನಲ್ಲಿ ಕುಳಿತು ಪರದೆಯನ್ನೇ ನೋಡುತ್ತಿದ್ದ ಅವನ ತಾಯಿ ನಡುವಿನ ಪದಕ್ಕೆ ಬೆರಳಿಟ್ಟು, “ಅದೊಂದು ತೆಗೀರಿ ಮಾರಾಯ್ರೇ, ಅವ ಅಷ್ಟೇನೂ ಕಪ್ಪಿಲ್ಲ” ಎಂದರು. “ಅಮ್ಮಾ, ಇದು ಇಂಗ್ಲಿಷಿನಲ್ಲಿ ಹೊಗಳುವ ಮಾತು, ದೂರು ಅಲ್ಲ” ಎಂದು ಹೇಳಿ, ಆ ಮೂರು ಪದಗಳು ಒಂದೇ ಕಟ್ಟಾಗಿ ಬಳಕೆಯಲ್ಲಿವೆ, ಅಲ್ಲಿನ ‘ಡಾರ್ಕ್’ ಕಪ್ಪು ಕೂದಲನ್ನೂ ಸೂಚಿಸುತ್ತದೆ ಎಂದು ವಿವರಿಸಿದೆ. ಅವರು ಒಪ್ಪಲಿಲ್ಲ. ಕನ್ನಡದ ಪ್ರತಿಯಲ್ಲಿ ‘ಎತ್ತರದ, ಲಕ್ಷಣವಾದ ಹುಡುಗ’ ಎಂದಷ್ಟೇ ಉಳಿಯಿತು. ಬಣ್ಣದ ವಿಷಯದಲ್ಲಿ ನಮ್ಮ ವಧೂವರರ ಮಾರುಕಟ್ಟೆ ಎಷ್ಟು ಹಟಮಾರಿಯಾಗಿದೆ ಎಂಬುದನ್ನು ಈ ಕುರ್ಚಿಯಲ್ಲಿ ಕುಳಿತವರು ಚೆನ್ನಾಗಿ ಬಲ್ಲರು.

ಉಳಿದ ಬಳಕೆಗಳು ಇಷ್ಟು ಕಾಡುವುದಿಲ್ಲ. ಕ್ರೀಡಾ ವರದಿಯ ‘ಹ್ಯಾಂಡ್‌ಸಮ್ ವಿಕ್ಟರಿ’ ಭರ್ಜರಿ ಗೆಲುವು. ಅಳತೆ, ಹದ, ಗಾಂಭೀರ್ಯ ಕೂಡಿದ ಕಟ್ಟಡವನ್ನು ಹ್ಯಾಂಡ್‌ಸಮ್ ಎಂದರೆ ಅದಕ್ಕೂ ‘ಲಕ್ಷಣವಾದ’ ಎಂಬುದೇ ಹೊಂದುತ್ತದೆ. ನಾಯಿ ಕಳೆದುಹೋದ ಪ್ರಕಟಣೆಯ ‘ಹ್ಯಾಂಡ್‌ಸಮ್ ರಿವಾರ್ಡ್’ ಮಾತ್ರ ಎಚ್ಚರಿಕೆ ಬೇಡುತ್ತದೆ, ಏಕೆಂದರೆ ನಾವು ರೂಢಿಯಂತೆ ಬರೆಯುವ ‘ಸೂಕ್ತ ಬಹುಮಾನ’ದಲ್ಲಿ ಮೊತ್ತ ದೊಡ್ಡದು ಎಂಬ ಭರವಸೆ ಇಲ್ಲ. ಅಲ್ಲಿ ನಾನು ‘ಉತ್ತಮ ಮೊತ್ತದ ಬಹುಮಾನ’ ಎನ್ನುತ್ತೇನೆ. ಓದಿ ಹೇಳುವಾಗ ನಡುವಿನ ‘ಡ್’ ಸಾಮಾನ್ಯವಾಗಿ ಕೇಳಿಸುವುದಿಲ್ಲ. ‘ಹ್ಯಾನ್ಸಮ್’ ಎಂದರೆ ಸಾಕು.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಹೆಣ್ಣುಮಕ್ಕಳ ಹಾಳೆಗಳಲ್ಲಿ ಬೇರೊಂದು ತೊಡಕು ಎದುರಾಗುತ್ತದೆ. ‘ಲಕ್ಷಣವಾದ ಹುಡುಗಿ’ಯನ್ನು ‘ಹ್ಯಾಂಡ್‌ಸಮ್ ಗರ್ಲ್’ ಮಾಡಲು ವ್ಯಾಕರಣದ ಅಡ್ಡಿಯಿಲ್ಲ. ಹಿಂದಿನ ಇಂಗ್ಲಿಷಿನಲ್ಲಿ ಹೆಂಗಸರನ್ನೂ ಹಾಗೆ ವರ್ಣಿಸುವುದು ಸಾಮಾನ್ಯವಾಗಿತ್ತು. ಈಗ ಆ ಮಾತು ಹೆಚ್ಚಾಗಿ ಪ್ರಾಯ ಸಂದ, ಗಂಭೀರವಾದ ಚೆಲುವಿರುವ ಮಹಿಳೆಗೆ ಒಪ್ಪುತ್ತದೆ. ಹಾಗಾಗಿ ನಾನು ‘ಗುಡ್ ಲುಕಿಂಗ್’ ಎಂದು ಹಾಕುತ್ತೇನೆ. ಮನೆಯವರು ‘ಪ್ರಿಟಿ’ಯೇ ಬೇಕೆಂದರೆ ಅದಕ್ಕೂ ಅಡ್ಡಿಯಿಲ್ಲ, ಆದರೆ ಅದರ ಬೆನ್ನಿಗೇ ‘ಟಾಲ್’ ಬರದಂತೆ ನೋಡಿಕೊಳ್ಳುತ್ತೇನೆ: ನಡುವಿನ ಅಲ್ಪವಿರಾಮ ಬಿಟ್ಟುಹೋದರೆ ‘ಪ್ರಿಟಿ ಟಾಲ್’ ಎಂಬುದು ಸಾಕಷ್ಟು ಎತ್ತರ ಎಂದಷ್ಟೇ ಆಗಿ, ಚೆಲುವಿನ ಮಾತು ಪೂರ್ತಿ ಹಾರಿಹೋಗುತ್ತದೆ. ‘ಟಾಲ್ ಅಂಡ್ ಪ್ರಿಟಿ’ ಎಂದು ಹಿಂದುಮುಂದು ಮಾಡಿ ಬರೆದರೆ ಆ ಭಯವಿಲ್ಲ.